ಕಿಟಕಿಯ ಎದುರಿನ ಪಟ್ಟೆ

ಮಾರ್ಚ್ ೭, ಶನಿವಾರ

ಅಣ್ಣನನ್ನು ಮನೆಗೆ ಕರೆತಂದೆವು. ಆಪರೇಷನ್ ಚೆನ್ನಾಗಿ ಆಗಿದೆ ಎಂದು ಕಣ್ಣಿನ ಡಾಕ್ಟರು ಹೇಳಿದಾಗ ಅತ್ತಿಗೆ ಅಲ್ಲೇ ಕುರ್ಚಿಯಲ್ಲಿ ಕುಸಿದು ಕುಳಿತು ನೀರು ಕೇಳಿದರು. ನಾನು ಒಂದು ಲೋಟ ತಂದೆ, ದಾರಿಯಲ್ಲೇ ಅರ್ಧ ನಾನು ಕುಡಿದು ಉಳಿದದ್ದನ್ನು ಅವರಿಗೆ ಕೊಟ್ಟೆ. ಕಣ್ಣು ಉಳಿಯಿತು ಎಂದು ಈಗಲೇ ಹೇಳುವ ಹಾಗಿಲ್ಲವಂತೆ. ಹೋಯಿತು ಎನ್ನುವ ಹಾಗೂ ಇಲ್ಲ. ಇವತ್ತಿಗೆ ಅಷ್ಟು ಸಾಕು.

ಅಣ್ಣನ ಎಡಗಣ್ಣು ಚಿಕ್ಕಂದಿನಿಂದಲೂ ಹೆಸರಿಗೆ ಮಾತ್ರ. ಬೆಳಕು, ಕತ್ತಲೆ ಬಿಟ್ಟರೆ ಅದಕ್ಕೆ ಏನೂ ತಿಳಿಯದು. ಅವನು ಟ್ರ್ಯಾಕ್ಟರ್ ಓಡಿಸಿದ್ದು, ಬೇಲಿ ಕಟ್ಟಿದ್ದು, ನನ್ನ ಮೇಲೆ ಕಣ್ಣು ಕೆಂಪು ಮಾಡಿದ್ದು ಎಲ್ಲ ಬಲಗಣ್ಣೊಂದರಿಂದಲೇ. ಆ ಬಲಗಣ್ಣಿನ ಒಳಪರದೆ ಹೋದ ವಾರ ಕಳಚಿಕೊಂಡಿತು. ಈಗ ಅದನ್ನು ಅಂಟಿಸಿ, ಅಲ್ಲಾಡದಂತೆ ಒತ್ತಿ ಹಿಡಿಯಲು ಕಣ್ಣೊಳಗೆ ಗಾಳಿಯ ಗುಳ್ಳೆಯೊಂದನ್ನು ಬಿಟ್ಟಿದ್ದಾರೆ. ಗುಳ್ಳೆ ಸರಿಯಾದ ಜಾಗದಲ್ಲಿ ನಿಲ್ಲಬೇಕಾದರೆ ಅಣ್ಣ ಮಲಗಿದರೂ ಕುಳಿತರೂ ಮುಖ ಕೆಳಗೆ ಮಾಡಿಕೊಂಡೇ ಇರಬೇಕು. ಮುಂದೆ ನೆಟ್ಟಗಿನ ಗೆರೆ ಡೊಂಕಾಗಿ ಕಂಡರೆ, ನೆರಳೋ ಪಟ್ಟೆಯೋ ಕಂಡರೆ ಒಂದು ಗಳಿಗೆಯೂ ತಡಮಾಡದೆ ಬರಬೇಕು, ಎರಡನೆಯ ಸಲ ಕಳಚಿದರೆ ಉಳಿಸುವುದು ಕಷ್ಟ ಎಂದು ಡಾಕ್ಟರು ಎರಡೆರಡು ಸಲ ಹೇಳಿದರು. ಅಣ್ಣ ನೆಲ ನೋಡುತ್ತ ತಲೆಯಾಡಿಸಿದ. ಹೇಗೂ ನೆಲವನ್ನೇ ನೋಡಬೇಕಿತ್ತಲ್ಲ.

ಈಗ ಹೊಲದ ಕೆಲಸ ನನ್ನ ತಲೆಗೆ ಬಂತು. ಈ ಮನೆಯಲ್ಲಿ ದನ ನನ್ನದು, ಹುಲ್ಲು ಅವನದು. ಅಪ್ಪ ಹೋದ ಮೇಲೆ ಯಾರೂ ಕೂತು ಹಂಚದೆ ತಾನಾಗಿ ಆದ ಪಾಲು ಅದು. ನಾನು ಕೊಟ್ಟಿಗೆಯಿಂದ ಆಚೆ ಮೂಗು ತೂರಿಸುವುದಿಲ್ಲ, ಅವನು ಈಚೆ ತೂರಿಸುವುದಿಲ್ಲ, ಹಾಗಾಗಿ ಇಷ್ಟು ವರ್ಷ ಮಾತುಕತೆ ಉಳಿದಿದೆ. ಮನೆ ಹಿಂದಿನ ದೊಡ್ಡ ಹೊಲದ ಹುಲ್ಲನ್ನು ಅವನು ಕೊಯ್ಸಿ, ಗುಂಡಿಯಲ್ಲಿ ಗಟ್ಟಿಯಾಗಿ ತುಳಿಸಿ, ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಸಿ ಮುಚ್ಚಿಡುತ್ತಾನೆ. ಒಳಗೆ ಹುಳಿಯಾಗಿ ಅದು ಸೈಲೇಜ್ ಆಗುತ್ತದೆ. ಚಳಿಗಾಲವೆಲ್ಲ ನನ್ನ ದನಗಳ ಹೊಟ್ಟೆಗೆ ಅದೇ ಗತಿ. ಆ ಹೊಲಕ್ಕೆ ಈ ತಿಂಗಳೇ ಗೊಬ್ಬರ ಬೀಳಬೇಕು.

ಟ್ರ್ಯಾಕ್ಟರ್ ನನಗೆ ಹೊಸದಲ್ಲ, ದಿನವೂ ಮೇವು ಹೇರುತ್ತೇನೆ. ಆದರೆ ಗೊಬ್ಬರ ಎರಚುವ ಯಂತ್ರವನ್ನು ಮುಟ್ಟಿದವಳಲ್ಲ. ಹೆದರಿಕೆ ಎಂದು ಇಲ್ಲಿ ಬರೆಯುತ್ತೇನೆ, ಮನೆಯಲ್ಲಿ ಯಾರಿಗೂ ಹೇಳುವುದಿಲ್ಲ.

ಮಾರ್ಚ್ ೧೦

ಅಣ್ಣ ಮಾತಾಡುವುದೆಲ್ಲ ನೆಲದ ಜೊತೆ. ಅತ್ತಿಗೆ ಹೊಲಿಗೆಯವರು, ನಡುವೆ ತೂತಿರುವ ದಿಂಬೊಂದನ್ನು ಹೊಲಿದು ಮಂಚದ ತುದಿಯಲ್ಲಿ ಇಟ್ಟಿದ್ದಾರೆ. ಅದರಲ್ಲಿ ಮುಖ ಹೂತು ಅವನು ಆಜ್ಞೆ ಕೊಡುತ್ತಾನೆ, ಅರ್ಧ ದಿಂಬಿಗೆ, ಅರ್ಧ ನನಗೆ. ಇವತ್ತು ಸಾಕಾಗಿ ನಾನು ಮಂಚದ ತುದಿಗೆ ತಲೆ ಕೊಟ್ಟು ನೆಲದ ಮೇಲೆ ಅಂಗಾತ ಮಲಗಿದೆ. ಆಗ ಮುಖಕ್ಕೆ ಮುಖ ಸಿಕ್ಕಿತು. ಅತ್ತಿಗೆ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡಿ ಹಾಗೇ ಹೊರಟುಹೋದರು.

ಪಾಠ ಹೀಗಿತ್ತು. ಆಸ್ಪತ್ರೆಗೆ ಹೋಗುವ ಮೊದಲು ಅವನೇ ಹೊಲಕ್ಕೆ ಸಗಣಿ ಬಗ್ಗಡ ಹೊಡೆದಿದ್ದಾನೆ. ಅದರ ಬೆನ್ನಿಗೇ ಗೊಬ್ಬರ ಹಾಕಿದರೆ ಅರ್ಧ ಸಾರಜನಕ ಗಾಳಿಗೆ ಹೋಗುತ್ತದೆ, ಒಂದು ವಾರ ಬಿಡಬೇಕು. ನೆಲ ಬೆಚ್ಚಗಾಗಿರಬೇಕು. ಹುಲ್ಲು ಎದ್ದಿರಬೇಕು, ನಿದ್ದೆ ಮಾಡುತ್ತಿರುವವರಿಗೆ ಊಟ ಬಡಿಸಿ ಏನು ಪ್ರಯೋಜನ ಎಂದ. ಹಾಕಿದ ಮೇಲೆ ತುಂತುರು ಬಂದರೆ ಪುಣ್ಯ, ಜೋರು ಮಳೆ ಬಂದರೆ ಎಲ್ಲ ಹಳ್ಳದ ಪಾಲು.

ಆಮೇಲೆ ಗುರುತಿನ ವಿಷಯ. ಯಂತ್ರದ ತಟ್ಟೆಗಳು ತಿರುಗಿ ಗೊಬ್ಬರವನ್ನು ಬೀಸಣಿಗೆಯ ಹಾಗೆ ಎರಚುತ್ತವೆ. ಹತ್ತಿರ ಹೆಚ್ಚು, ಅಂಚಿಗೆ ಕಡಿಮೆ. ಅದಕ್ಕೆ ಒಂದು ಸಾಲಿನ ಅಂಚು ಪಕ್ಕದ ಸಾಲಿನ ಮೇಲೆ ಬೀಳುವಂತೆ ಓಡಿಸಬೇಕು. ಎಷ್ಟು ದೂರಕ್ಕೆ ಒಂದು ಸಾಲು ಎಂಬುದಕ್ಕೆ ಅಣ್ಣ ಹೊಲದ ಎರಡೂ ಕಡೆಯ ಬೇಲಿ ಕಂಬಗಳಿಗೆ ನೀಲಿ ಹಗ್ಗ ಕಟ್ಟಿದ್ದಾನೆ. ಈ ಕಡೆಯ ಹಗ್ಗದಿಂದ ಹೊರಟು ಆ ಕಡೆಯ ಹಗ್ಗಕ್ಕೆ ಮೂಗು ನೆಟ್ಟು ಹೋದರಾಯಿತು.

"ನನ್ನ ಗುರುತು ಬಿಟ್ಟು ಒಂದು ಗೇಣು ಆ ಕಡೆ ಈ ಕಡೆ ಹೋಗ್ಬೇಡ" ಎಂದ. "ಆ ಹಗ್ಗ ಕಟ್ಟಿದ ಮೇಲೆ ನನ್ನ ಹೊಲದಲ್ಲಿ ಒಂದು ಪಟ್ಟೆ ಎದ್ದಿಲ್ಲ."

ಸರಿ ಎಂದೆ. ಎದ್ದಾಗ ಬೆನ್ನು ಹಿಡಿದುಕೊಂಡಿತ್ತು.

ಮಾರ್ಚ್ ೧೪, ಶನಿವಾರ

ಗೊಬ್ಬರದಂಗಡಿಯಲ್ಲಿ ಅಣ್ಣ ಯಾವಾಗಲೂ ಹಾಕುವ ದಪ್ಪ ಕಾಳಿನ ಗೊಬ್ಬರ ಇಲ್ಲ. ಯಾವಾಗ ಬರುತ್ತದೆ ಎಂದರೆ ಅಂಗಡಿಯವನು ಚಾವಣಿ ನೋಡಿದ. ಯೂರಿಯಾ ಒಯ್ಯಿರಿ, ಸಾರಜನಕ ಇದರಲ್ಲೇ ಜಾಸ್ತಿ, ಅಳತೆ ಕಡಿಮೆ ಮಾಡಿದರೆ ಎರಡೂ ಒಂದೇ ಎಂದ. ಒಪ್ಪಿದೆ. ಹುಲ್ಲು ಕಾಯುವುದಿಲ್ಲವಲ್ಲ.

ಎಷ್ಟು ಕಡಿಮೆ ಮಾಡಬೇಕೆಂದು ಅಡುಗೆಮನೆಯ ಮೇಜಿನ ಮೇಲೆ ನಾನೇ ಲೆಕ್ಕ ಹಾಕಿದೆ, ಮೂರು ಸಲ ತಾಳೆ ನೋಡಿದೆ. ದನಗಳಿಗೆ ಹಿಂಡಿ ಬೆರೆಸುವವಳಿಗೆ ಇದೇನು ಮಹಾ. ಅಣ್ಣನಿಗೆ ಹೇಳಲು ಹೊರಟರೆ ಅತ್ತಿಗೆ ತೋಳು ಹಿಡಿದರು.

"ಬೇರೆ ಗೊಬ್ಬರ ಅಂದ್ರೆ ತಲೆ ಎತ್ತಿ ಜಗಳಕ್ಕೆ ಬರ್ತಾರೆ. ಗುಳ್ಳೆ ಜಾರಿದ್ರೆ ಏನು ಗತಿ? ಕಣ್ಣು ಸರಿಹೋಗ್ಲಿ, ಆಮೇಲೆ ಹೇಳಿದ್ರಾಯ್ತು."

ಅದೂ ನಿಜ ಅನ್ನಿಸಿತು.

ಮಾರ್ಚ್ ೧೬

ಮಳೆ. ಹೊಲಕ್ಕೆ ಕಾಲಿಟ್ಟರೆ ಬೂಟು ಅಲ್ಲೇ ಉಳಿಯುತ್ತದೆ. ಅಣ್ಣ ನೆಲಕ್ಕೆ ಹೇಳಿದ, ಕಾಯಿ ಎಂದು. ಕಾಯುತ್ತಿದ್ದೇನೆ.

ಮಾರ್ಚ್ ೧೯, ಗುರುವಾರ

ಆಯಿತು! ಗೊಬ್ಬರ ಹಾಕಿ ಬಂದೆ.

ಬೆಳಿಗ್ಗೆ ಹಾಲು ಕರೆದಾದ ಮೇಲೆ ಅಣ್ಣನ ಹೊಲಕ್ಕೆ ಹೋಗಿ ಅಂಗೈ ನೆಲಕ್ಕೆ ಊರಿ ನೋಡಿದೆ. ತಣ್ಣಗೆ ಕೊರೆಯಲಿಲ್ಲ. ಹುಲ್ಲಿನ ಬುಡದಲ್ಲಿ ಹೊಸ ಎಲೆ ಎದ್ದಿತ್ತು. ಸಂಜೆಗೆ ತುಂತುರು ಎಂದು ಹವಾಮಾನದವರು ಹೇಳಿದ್ದರು, ಗಾಳಿ ಇರಲಿಲ್ಲ. ಇನ್ನು ನೆಪ ಉಳಿಯಲಿಲ್ಲ.

ಮೊದಲ ಸಾಲಿನಲ್ಲಿ ಸ್ಟಿಯರಿಂಗನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೆನೆಂದರೆ ಬೆರಳು ಬಿಡಿಸಿಕೊಳ್ಳಲು ಕಷ್ಟವಾಯಿತು. ಆಮೇಲೆ ರೂಢಿಯಾಯಿತು. ಹಗ್ಗದಿಂದ ಹಗ್ಗಕ್ಕೆ, ಗೆರೆ ಎಳೆದ ಹಾಗೆ. ಹಿಂದಿನಿಂದ ಕಾಳು ಉದುರುವ ಸದ್ದು ಕೇಳುತ್ತಿತ್ತು. ಹಳ್ಳದ ಪಕ್ಕ ಹೋಗುವಾಗ ಅಣ್ಣ ಹೇಳಿದಂತೆ ಆ ಕಡೆಯ ತಟ್ಟೆ ಮುಚ್ಚಿದೆ. ಚೀಲ ಮುಗಿಯುವುದಕ್ಕೂ ಹೊಲ ಮುಗಿಯುವುದಕ್ಕೂ ಸರಿಹೋಯಿತು. ನನ್ನ ಲೆಕ್ಕ ಸುಳ್ಳಾಗಲಿಲ್ಲ.

ಅಣ್ಣನ ಮಂಚದ ಬಳಿ ಹೋಗಿ, ನಿನ್ನ ಗುರುತಿನ ಮೇಲೇ ಓಡಿಸಿದೆ, ಒಂದು ಗೇಣು ಆಚೀಚೆ ಆಗಿಲ್ಲ ಎಂದೆ. ದಿಂಬಿನೊಳಗಿಂದ "ಹೂಂ" ಬಂತು. ಅವನ ಹೂಂ ಅಂದರೆ ಬೇರೆಯವರ ಶಾಭಾಸ್. ಸಂಜೆ ಹೇಳಿದಂತೆಯೇ ತುಂತುರು ಬಿತ್ತು. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನೋಡಿದೆ, ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು.

ಮಾರ್ಚ್ ೨೭

ಅಣ್ಣ ಇನ್ನು ತಲೆ ಎತ್ತಿ ಕೂರಬಹುದಂತೆ! ಪರದೆ ಅಂಟಿಕೊಂಡಿದೆ, ಗುಳ್ಳೆ ತಾನಾಗಿ ಕರಗುತ್ತ ಹೋಗುತ್ತದೆ, ಅದು ಕರಗಿದಂತೆ ಮೇಲಿನಿಂದ ಕೆಳಕ್ಕೆ ಕಾಣಲು ಶುರುವಾಗುತ್ತದೆ ಎಂದರು ಡಾಕ್ಟರು. ಸದ್ಯಕ್ಕೆ ಅವನಿಗೆ ಎಲ್ಲವೂ ನೀರಿನೊಳಗೆ ಮುಳುಗಿ ನೋಡಿದ ಹಾಗೆ. ನನ್ನನ್ನು ನೋಡಿ, ಇದ್ಯಾರು ದಪ್ಪಗಿರೋರು ಎಂದ. ಬೇಕಂತಲೇ ಹೇಳಿದ್ದು. ಅತ್ತಿಗೆ ನಕ್ಕರು, ಈ ಮನೆಯಲ್ಲಿ ನಗು ಕೇಳಿ ಎಷ್ಟು ದಿನವಾಗಿತ್ತು.

ಹೊಲ ಹಸಿರೇರುತ್ತಿದೆ.

ಏಪ್ರಿಲ್ ೪, ಶನಿವಾರ

ಏನು ಬರೆಯಲಿ. ಅಣ್ಣನ ಹೊಲದಲ್ಲಿ ಪಟ್ಟೆ ಎದ್ದಿದೆ.

ನಾನು ಹತ್ತಿರದಿಂದ ನೋಡುತ್ತಿದ್ದರಿಂದ ನನಗೆ ಕಾಣಲೇ ಇಲ್ಲ. ಹೇಳಿದ್ದು ರಸ್ತೆಯಾಚೆಯ ಹೊಲದವನು. ಅವನನ್ನು ನಾವು ರೇಡಿಯೋ ಎನ್ನುತ್ತೇವೆ, ಅವನ ಕಿವಿಗೆ ಬಿದ್ದದ್ದು ಮಧ್ಯಾಹ್ನದೊಳಗೆ ಎಲ್ಲರಿಗೂ ತಲುಪುತ್ತದೆ. ಹಾಲಿನ ಲಾರಿಯ ಹತ್ತಿರ ನಿಂತಿದ್ದಾಗ ಬಂದು, "ಏನಕ್ಕಾ, ನಿಮ್ಮ ಹೊಲಕ್ಕೆ ಪೈಜಾಮ ಹೊಲಿಸಿದ್ದೀರಾ? ಅತ್ತಿಗೆಯವರ ಕೈಕೆಲಸವಾ?" ಎಂದ. ಲಾರಿಯವನೂ ನಕ್ಕ.

ರಸ್ತೆಯ ಏರಿನ ಮೇಲೆ ಹೋಗಿ ನೋಡಿದೆ. ಈ ಬೇಲಿಯಿಂದ ಆ ಬೇಲಿಯವರೆಗೆ ಒಂದು ಕಡುಹಸಿರು, ಒಂದು ಬಿಳಚು, ಒಂದು ಕಡುಹಸಿರು, ಒಂದು ಬಿಳಚು. ಹಾದು ಹೋಗುವ ಬಸ್ಸಿನವರಿಗೆಲ್ಲ ಕಾಣುತ್ತದೆ. ಅಣ್ಣನಿಗೆ ಹೇಗೆ ಮುಖ ತೋರಿಸಲಿ?

ಏಪ್ರಿಲ್ ೫

ಕಾರಣ ಸಿಕ್ಕಿತು. ಶೆಡ್ಡಿನ ಮೂಲೆಯಲ್ಲಿ ಹೋದ ವರ್ಷದ ದಪ್ಪ ಕಾಳಿನ ಗೊಬ್ಬರ ಚೀಲದ ತಳದಲ್ಲಿ ಒಂದಿಷ್ಟು ಉಳಿದಿತ್ತು. ಅಂಗಳದಲ್ಲಿ ನಿಂತು ಅದನ್ನೊಂದು ಹಿಡಿ ಬೀಸಿ ಎಸೆದೆ. ಆಮೇಲೆ ಖಾಲಿ ಚೀಲಗಳನ್ನು ಕೊಡವಿ ಸಿಕ್ಕ ಒಂದು ಹಿಡಿ ಯೂರಿಯಾವನ್ನು ಅದೇ ಬೀಸಿನಲ್ಲಿ ಎಸೆದೆ. ದಪ್ಪ ಕಾಳು ತೊಟ್ಟಿಯ ಆಚೆಗೆ ಹೋಗಿ ಬಿತ್ತು. ಯೂರಿಯಾ ಹಗುರ, ತೊಟ್ಟಿಯ ಈಚೆಗೇ ಉದುರಿತು. ಯಂತ್ರದಲ್ಲೂ ಹೀಗೇ ಆಗಿದೆ. ಎಷ್ಟು ಹಾಕಬೇಕು ಎಂದು ಮೂರು ಸಲ ಲೆಕ್ಕ ಹಾಕಿದವಳು ಅದು ಎಷ್ಟು ದೂರ ಹಾರುತ್ತದೆ ಎಂದು ಒಂದು ಸಲವೂ ಯೋಚಿಸಲಿಲ್ಲ. ಅಣ್ಣನ ಹಗ್ಗಗಳು ಅಣ್ಣನ ಗೊಬ್ಬರಕ್ಕೆ ಕಟ್ಟಿದವು. ಯೂರಿಯಾಕ್ಕೆ ಸಾಲುಗಳು ಇನ್ನೂ ಹತ್ತಿರ ಬರಬೇಕಿತ್ತು. ಅವನ ಗುರುತನ್ನು ಅಷ್ಟು ಭಕ್ತಿಯಿಂದ ಹಿಡಿದದ್ದೇ ತಪ್ಪಾಯಿತು.

ಬಿಳಚು ಪಟ್ಟೆಗಳಿಗೆ ಮಾತ್ರ ಮತ್ತೆ ಹಾಕೋಣವೇ ಎಂದು ಯೋಚಿಸಿದೆ. ಯಂತ್ರ ನನ್ನ ಮಾತು ಕೇಳಿ ಅಲ್ಲಿಗೇ ನಿಲ್ಲಿಸುವುದಿಲ್ಲ, ಮೊದಲೇ ಹೆಚ್ಚು ತಿಂದ ಕಡುಹಸಿರಿನ ಮೇಲೂ ಬೀಳುತ್ತದೆ. ಬೇಡ. ಇದ್ದದ್ದು ಇದ್ದ ಹಾಗೆ ಬೆಳೆಯಲಿ.

ಅತ್ತಿಗೆಗೆ ಹೇಳಿದೆ. ಅವರು ಹೊಲಿಗೆ ಯಂತ್ರ ನಿಲ್ಲಿಸಿ, ಪಟ್ಟೆ ಬಟ್ಟೆಯಾಗಿದ್ದರೆ ಅಡ್ಡ ಹಿಡಿದು ಹೊಲಿಯಬಹುದಿತ್ತು ಎಂದರು. ಆಮೇಲೆ, ಅವರ ಕಣ್ಣು ಗಟ್ಟಿಯಾಗುವವರೆಗೆ ಈ ಸುದ್ದಿ ಬೇಡ ಎಂದರು.

ಏಪ್ರಿಲ್ ೧೨, ಭಾನುವಾರ

ಗುಳ್ಳೆ ಅರ್ಧ ಕರಗಿದೆ. ಅಣ್ಣನಿಗೆ ಮೇಲಿನ ಅರ್ಧ ಕಾಣುತ್ತದೆ, ಕೆಳಗಿನ ಅರ್ಧದಲ್ಲಿ ಏನೋ ತುಳುಕುತ್ತದಂತೆ. ಅವನು ಕೂರುವ ಕುರ್ಚಿ ಕಿಟಕಿಗೆ ಎದುರು, ಕಿಟಕಿ ಹೊಲಕ್ಕೆ ಎದುರು. ನಾನು ಬೆಳಿಗ್ಗೆ ಹೋದವಳೇ ಬಿಸಿಲು ಕಣ್ಣಿಗೆ ಒಳ್ಳೆಯದಲ್ಲ ಎಂದು ಪರದೆ ಎಳೆದೆ. ಬೈಯುತ್ತಾನೆ ಎಂದುಕೊಂಡಿದ್ದೆ. "ಎಳೆದುಬಿಡು" ಎಂದ.

ಮಧ್ಯಾಹ್ನ ಅತ್ತಿಗೆ ಮರೆತು ಪರದೆ ಸರಿಸಿದರೆ, ಅಣ್ಣ ತಾನೇ ಎದ್ದು ಮತ್ತೆ ಮುಚ್ಚಿದನಂತೆ. ಒಳ್ಳೆಯದೇ ಆಯಿತು. ದೇವರು ನನ್ನ ಕಡೆ ಇದ್ದಾನೆ.

ಏಪ್ರಿಲ್ ೨೨

ಅಣ್ಣ ಈಗೀಗ ಸಾಧುವಾಗಿಬಿಟ್ಟಿದ್ದಾನೆ. ಹುಲ್ಲು ಎಷ್ಟೆತ್ತರ ಬಂತು ಎಂದು ಕೇಳುವುದಿಲ್ಲ, ತಲೆ ತಿನ್ನುವುದಿಲ್ಲ. ತಟ್ಟೆಯಲ್ಲಿ ಊಟ ಬಿಡುತ್ತಾನೆ. ಗುಳ್ಳೆ ಸಾಸಿವೆಯಷ್ಟಾಗಿದೆ, ಕಾಣುತ್ತಿದೆ ಎಂದೇ ಹೇಳುತ್ತಾನೆ, ಹೋದ ವಾರ ಡಾಕ್ಟರ ಎದುರೂ ಹಾಗೇ ಹೇಳಿದ. ಇಷ್ಟು ದಿನ ಮಲಗಿ ಕೈಕಾಲು ಸೋತಿರಬೇಕು.

ಇವತ್ತು ಪೇಪರು ಓದಿ ಹೇಳುತ್ತಿದ್ದಾಗ ಅದನ್ನು ಕೈಯಿಂದ ಕಿತ್ತುಕೊಂಡು, ಹತ್ತಿರ ಹಿಡಿದು, ದೂರ ಹಿಡಿದು ನೋಡಿದ. ಆಮೇಲೆ, ಬೇಲಿ ಕಂಬಗಳು ನೆಟ್ಟಗಿವೆಯಾ ಎಂದು ಕೇಳಿದ. ನೆಟ್ಟಗಿವೆ ಎಂದೆ. ಹುಲ್ಲು ಹೇಗಿದೆ ಎಂದ. ಒಂದೇ ಸಮನೆ ಹಸಿರಾಗಿದೆ ಎಂದೆ. ಸುಳ್ಳು ಹೇಳುವಾಗ ನನ್ನ ಕಿವಿ ಬಿಸಿಯಾಗುತ್ತದೆ, ಅವನಿಗೆ ಅದು ಗೊತ್ತು. ಆದರೆ ಅವನು ನನ್ನ ಕಡೆ ನೋಡುತ್ತಲೇ ಇರಲಿಲ್ಲ. "ಸರಿ" ಎಂದು ಕಣ್ಣು ಮುಚ್ಚಿಕೊಂಡ. ಬಚಾವಾದೆ.

ಏಪ್ರಿಲ್ ೩೦, ಗುರುವಾರ

ರೇಡಿಯೋ ತನ್ನ ಹುಲ್ಲು ಕೊಯ್ಸುತ್ತಿದ್ದಾನೆ. ಬೇಲಿಯ ಬಳಿ ಬಂದು, ಕೊಯ್ಲಿನ ಯಂತ್ರದವನು ಇಲ್ಲೇ ಇದ್ದಾನೆ, ನೀವೂ ನಾಳೆ ಕೊಯ್ಸಿಬಿಡಿ, ಹುಲ್ಲೂ ಒಳಗೆ ಬರುತ್ತದೆ, ಪೈಜಾಮವೂ ಕಳಚುತ್ತದೆ ಎಂದ. ಕೊಯ್ದ ಹೊಲದಲ್ಲಿ ಎಲ್ಲ ಒಂದೇ ಬಣ್ಣದ ಕೂಳೆ, ಪಟ್ಟೆ ಗೊತ್ತಾಗುವುದಿಲ್ಲ. ಅಣ್ಣ ಹೊರಗೆ ಬಂದು ನೋಡುವ ಮೊದಲೇ ಎಲ್ಲ ಮಂಗಮಾಯ. ನನಗೆ ಎಷ್ಟು ಆಸೆಯಾಯಿತೆಂದರೆ ಅಲ್ಲೇ ಯಂತ್ರದವನಿಗೆ ಫೋನ್ ಮಾಡಿ ನಾಳೆ ಬಾ ಎಂದುಬಿಟ್ಟೆ.

ಸಂಜೆ ಹಾಲು ಕರೆಯಲು ಕುಳಿತಾಗ ಮನಸ್ಸು ಸರಿಯಿರಲಿಲ್ಲ. ಗೊಬ್ಬರ ತಿಂದ ಹುಲ್ಲಿಗೆ ಅದನ್ನು ಅರಗಿಸಿಕೊಳ್ಳಲು ಸಮಯ ಬೇಕು, ದನ ತಿಂದ ಮೇಲೆ ಮೆಲುಕು ಹಾಕುವ ಹಾಗೆ. ಅರಗುವ ಮೊದಲೇ ಕೊಯ್ದು ಗುಂಡಿಗೆ ತುಂಬಿದರೆ ಸೈಲೇಜ್ ಸರಿಯಾಗಿ ಹುಳಿಯಾಗದೆ ಕೆಡುತ್ತದೆ, ತಿಂದ ದನಕ್ಕೂ ಕೇಡು. ರೇಡಿಯೋ ನಮಗಿಂತ ಬಹಳ ಮೊದಲು ಹಾಕಿದವನು, ಅವನದು ಅರಗಿದೆ. ನಮ್ಮ ಕಡುಹಸಿರು ಪಟ್ಟೆಗಳು ತಮ್ಮ ಪಾಲಿಗಿಂತ ಹೆಚ್ಚು ತಿಂದಿವೆ. ಅವಕ್ಕೆ ಇನ್ನೂ ದಿನ ಬೇಕು. ಒದೆಯುವುದಕ್ಕೇ ಹುಟ್ಟಿರುವ ನನ್ನ ಹಸು ಗಯ್ಯಾಳಿ ತಿರುಗಿ ನನ್ನನ್ನೇ ನೋಡುತ್ತಿತ್ತು. ನನ್ನ ಮಾನ ಮುಚ್ಚಲು ಅದರ ಹೊಟ್ಟೆ ಕೆಡಿಸಲೇ?

ಯಂತ್ರದವನಿಗೆ ಮತ್ತೆ ಫೋನ್ ಮಾಡಿ, ಈಗ ಬೇಡ, ಎರಡು ವಾರ ಬಿಟ್ಟು ಬಾ ಎಂದೆ. ಅಣ್ಣನನ್ನು ಕೇಳಿ ಹೇಳುತ್ತಿದ್ದೀರಾ ಎಂದ. ನಾನೇ ಹೇಳುತ್ತಿದ್ದೇನೆ ಎಂದೆ.

ನೋಡಿದರೆ ನೋಡಲಿ. ಬೈದರೆ ಬೈಸಿಕೊಳ್ಳುತ್ತೇನೆ.

ಮೇ ೬, ಬುಧವಾರ

ಇವತ್ತಿನದನ್ನು ಬಿಡದೆ ಬರೆಯಬೇಕು.

ಸಂಜೆ ಹಾಲು ಕರೆಯುತ್ತಿದ್ದೆ. ಗೋಡೆ ಹಿಡಿದುಕೊಂಡು ಅಣ್ಣ ಕೊಟ್ಟಿಗೆಗೆ ಬಂದ. ಅವನು ಅಲ್ಲಿಗೆ ಬರುವುದೇ ಇಲ್ಲ. ದನಗಳೂ ತಲೆ ಎತ್ತಿ ನೋಡಿದವು. ಪಟ್ಟೆ ಕಂಡಿತು, ಬೈಯಲು ಬಂದ ಎಂದುಕೊಂಡು ನಾನು ಗಯ್ಯಾಳಿಯ ಮರೆಗೆ ಸರಿದೆ. ಅವನು ಹುಲ್ಲಿನ ಕಟ್ಟಿನ ಮೇಲೆ ಕುಳಿತ.

"ಪುಟ್ಟಿ, ಇದನ್ನ ನಿನ್ನ ಅತ್ತಿಗೆಗೆ ಹೇಳ್ಬೇಡ" ಎಂದ. "ನನ್ನ ಕಣ್ಣು ಹೋಗ್ತಿದೆ."

ನನ್ನ ಜೀವ ಬಾಯಿಗೆ ಬಂತು. ಅವನೇ ಹೇಳಿದ.

"ಗುಳ್ಳೆ ಕರಗ್ತಾ ಬಂದಾಗ ಎಲ್ಲ ಸರಿಹೋಯ್ತು ಅಂದ್ಕೊಂಡೆ. ಕಿಟಕಿ ಆಚೆ ನೋಡಿದ್ರೆ ಬರೀ ಪಟ್ಟೆ. ಒಂದು ಕಪ್ಪು, ಒಂದು ಬಿಳಚು. ಮನೆ ಒಳಗೆ ಕಾಣಲ್ಲ, ದೂರ ನೋಡಿದ್ರೆ ಮಾತ್ರ. ದಿನಾ ಇನ್ನೂ ಗಾಢ ಆಗ್ತಿದೆ. ಡಾಕ್ಟರು ಮೊದಲೇ ಹೇಳಿದ್ರಲ್ಲ, ಪಟ್ಟೆ ಕಂಡ್ರೆ ಬನ್ನಿ ಅಂತ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಜ ಆಗ್ಬಿಡುತ್ತೆ ಅನ್ನಿಸ್ತು."

ಅಷ್ಟು ದೊಡ್ಡ ಆಳು, ಮಗುವಿನ ಹಾಗೆ ಕೈಗಳನ್ನು ಮಂಡಿಯ ನಡುವೆ ಇಟ್ಟುಕೊಂಡು ಕುಳಿತಿದ್ದ. ಆಗ ನನಗೆ ಒಂದೊಂದಾಗಿ ತಿಳಿಯಿತು. ಪರದೆ ಮುಚ್ಚಿಸಿದ್ದು, ಊಟ ಬಿಟ್ಟದ್ದು, ಬೇಲಿ ಕಂಬ ನೆಟ್ಟಗಿವೆಯಾ ಎಂದದ್ದು. ಹುಲ್ಲು ಒಂದೇ ಸಮನೆ ಹಸಿರಾಗಿದೆ ಎಂದು ನಾನು ಹೇಳಿದ್ದು. ಆ ನನ್ನ ಸುಳ್ಳನ್ನು ಇವನು ಎರಡು ವಾರದಿಂದ ಎದೆಯಲ್ಲಿ ಇಟ್ಟುಕೊಂಡು ಕುರುಡನಾಗಲು ತಯಾರಾಗುತ್ತಿದ್ದ.

ಹಾಲು ಕರೆಯುವ ಯಂತ್ರವನ್ನು ಹಸುವಿನ ಕೆಚ್ಚಲಿಗೇ ಬಿಟ್ಟು ಅವನ ಕೈ ಹಿಡಿದು ಎಳೆದುಕೊಂಡು ಹೋದೆ. ಎಲ್ಲಿಗೆ ಎಂದು ಕೇಳುತ್ತಲೇ ಬಂದ. ಹೊಲದ ಗೇಟಿನ ಬಳಿ ನಿಲ್ಲಿಸಿ, ಇಲ್ಲೇ ಇರು, ನನ್ನನ್ನೇ ನೋಡುತ್ತಿರು ಎಂದು ಹುಲ್ಲಿನೊಳಗೆ ನಡೆದೆ. ಮಂಡಿಯವರೆಗೆ ಬಂದಿತ್ತು. ಒಂದು ಬಿಳಚು ಪಟ್ಟೆಯ ನಡುವೆ ನಿಂತು ಕೂಗಿದೆ.

"ನಾನು ಈಗ ಯಾವುದರಲ್ಲಿ ನಿಂತಿದ್ದೀನಿ?"

"ಬಿಳಚಿನಲ್ಲಿ" ಎಂದ.

ಮುಂದೆ ನಡೆದು ಕಡುಹಸಿರಿನಲ್ಲಿ ನಿಂತೆ. "ಈಗ?"

"ಕಪ್ಪಿನಲ್ಲಿ."

ಮತ್ತೂ ಮುಂದೆ, ಹೊಲದ ಆ ಅಂಚಿಗೆ ಹೋದೆ. ಅಲ್ಲಿಂದ ಅಣ್ಣ ಗೇಟಿನ ಇನ್ನೊಂದು ಕಂಬದ ಹಾಗೆ ಸಣ್ಣಗೆ ಕಾಣುತ್ತಿದ್ದ. "ಈಗ?"

"ಬಿಳಚು. ಅಂಚಿನಲ್ಲಿದ್ದೀ. ಬಲಗಾಲು ಕಪ್ಪಿನಲ್ಲಿದೆ."

ಬಗ್ಗಿ ನೋಡಿದರೆ ಬಲಗಾಲು ಕಡುಹಸಿರಿನಲ್ಲೇ ಇತ್ತು. ಅಲ್ಲಿಂದಲೇ ಕೂಗಿ ಹೇಳಿದೆ, ಪಟ್ಟೆ ಹೊಲದ್ದು, ನಿನ್ನ ಕಣ್ಣಿನದಲ್ಲ ಎಂದು. ಎಷ್ಟು ಕೇಳಿಸಿತೋ ಗೊತ್ತಿಲ್ಲ. ನಾನು ವಾಪಸು ಬರುವಷ್ಟರಲ್ಲಿ ಅಣ್ಣ ಗೇಟಿನ ಮೇಲೆ ತಲೆಯಿಟ್ಟಿದ್ದ, ಹೆಗಲು ಅಲುಗುತ್ತಿತ್ತು. ಬೆನ್ನ ಮೇಲೆ ಕೈಯಿಟ್ಟು ನಿಂತೆ. ನಾನೂ ಅತ್ತೆ. ನಾಚಿಕೆ ಏನಿಲ್ಲ.

ಆಮೇಲೆ ಅವನು ಮುಖ ಒರೆಸಿಕೊಂಡು ಹೊಲವನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ನೋಡಿದ. ನೋಡುತ್ತ ನೋಡುತ್ತ ಹುಬ್ಬು ಗಂಟಾಯಿತು.

"ಯಾವ ಗೊಬ್ಬರ ಹಾಕ್ದೆ?"

"ಯೂರಿಯಾ."

"ಯೂರಿಯಾ ಅಷ್ಟು ದೂರ ಹಾರುತ್ತೇನೇ, ಕತ್ತೆ?"

ಕತ್ತೆ ಎನ್ನಿಸಿಕೊಂಡು ಇಷ್ಟು ಸಂತೋಷಪಟ್ಟದ್ದು ನನ್ನ ಜನ್ಮದಲ್ಲಿ ಇದೇ ಮೊದಲು. ಮನೆಯವರೆಗೂ ಬೈದ. ಹೊಲದಲ್ಲೇ ಪಟ್ಟೆ ಇರಬಹುದು ಎಂದು ನಿನಗೆ ಹೊಳೆಯಲೇ ಇಲ್ಲವೇ ಎಂದು ಕೇಳಿದ್ದಕ್ಕೆ, ನನ್ನ ಗುರುತಿನ ಮೇಲೆ ಓಡಿಸಿದೆ ಅಂದೆಯಲ್ಲ, ಮತ್ತೆ ಹೇಗೆ ಹೊಳೆಯುತ್ತೆ ಎಂದ. ಹಗ್ಗದ ಮೇಲೆ ಅವನಿಗಿರುವ ನಂಬಿಕೆ ಸ್ವಂತ ಕಣ್ಣಿನ ಮೇಲಿಲ್ಲ.

ಅತ್ತಿಗೆಗೆ ಹೇಳದೆ ಇರಲಾಗಲಿಲ್ಲ. ಎಲ್ಲ ಕೇಳಿ ಅವರು ಕತ್ತರಿ ಕೆಳಗಿಟ್ಟರು.

"ಒಬ್ರು ಪಟ್ಟೆ ಬಚ್ಚಿಟ್ರಿ, ಒಬ್ರು ಪಟ್ಟೆ ಕಂಡಿದ್ದನ್ನ ಬಚ್ಚಿಟ್ರಿ. ನಡುವೆ ನಾನೊಬ್ಳು, ಆ ಕಿಟಕಿಗೆ ಇನ್ನೂ ದಪ್ಪ ಪರದೆ ಹೊಲೀತಾ ಕೂತಿದ್ದೆ."

ಆ ಹೊಸ ಪರದೆಯನ್ನು ನೋಡಿದೆ. ಅದೂ ಪಟ್ಟೆ ಬಟ್ಟೆ.

ಮೇ ೮

ಡಾಕ್ಟರು ನೋಡಿದರು. ಕಣ್ಣಿನ ಪರದೆ ಗಟ್ಟಿಯಾಗಿ ಕೂತಿದೆ. ಗುಳ್ಳೆ ಪೂರ್ತಿ ಕರಗಿದೆ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಅಣ್ಣ ಅವರಿಗೆ ಪಟ್ಟೆಯ ಕಥೆಯೆಲ್ಲ ಹೇಳಿದ, ಹೊರಗೆ ಕಾದಿದ್ದವರಿಗೂ ಕೇಳುವಷ್ಟು ಗಟ್ಟಿಯಾಗಿ. ಇನ್ನು ರೇಡಿಯೋಗೆ ಕೆಲಸವಿಲ್ಲ.

ಮೇ ೧೪, ಗುರುವಾರ

ಕೊಯ್ಲಾಯಿತು. ಬಿಸಿಲು ಚೆನ್ನಾಗಿತ್ತು, ನಿನ್ನೆ ಕೊಯ್ದದ್ದು ಹದವಾಗಿ ಬಾಡಿತ್ತು. ಇವತ್ತು ಗುಂಡಿಗೆ ತುಂಬಿ, ಟ್ರ್ಯಾಕ್ಟರಿನಲ್ಲಿ ನಾನೇ ತುಳಿಸಿದೆ. ಅಣ್ಣ ಗುಂಡಿಯ ದಂಡೆಯ ಮೇಲೆ ಕುರ್ಚಿ ಹಾಕಿಕೊಂಡು ಕುಳಿತು, ಆ ಮೂಲೆ, ಈ ಮೂಲೆ ಎಂದು ಕೂಗುತ್ತಿದ್ದ. ಬಿಳಚು ಪಟ್ಟೆಗಳಿಂದಾಗಿ ಹುಲ್ಲು ಹೋದ ವರ್ಷಕ್ಕಿಂತ ಸ್ವಲ್ಪ ಕಡಿಮೆ, ಅದೇನು ಸುಳ್ಳಲ್ಲ. ಆದರೆ ಹಿಡಿದು ಮೂಸಿ ನೋಡಿದೆ, ಸಿಹಿ ವಾಸನೆ. ಎರಡು ವಾರ ಕಾದದ್ದು ದಂಡವಾಗಲಿಲ್ಲ. ಪ್ಲಾಸ್ಟಿಕ್ ಹಾಸಿ, ಮೇಲೆ ಹಳೆಯ ಟೈರುಗಳನ್ನು ಹೇರಿ, ಬೆನ್ನು ನೆಟ್ಟಗೆ ಮಾಡಿದಾಗ ಸೂರ್ಯ ಇಳಿದಿದ್ದ. ನನ್ನ ದನಗಳ ಚಳಿಗಾಲ ಒಳಗಿದೆ.

ಮೇ ೧೭

ಒಂದು ತಮಾಷೆ. ಮೊನ್ನೆಯಿಂದ ಅಣ್ಣ ಬೆಳಿಗ್ಗೆ ಕಿಟಕಿಯ ಬಳಿ ನಿಂತವನು ಅಲ್ಲೇ ನಿಂತಿರುತ್ತಾನೆ. ಅತ್ತಿಗೆಯೇ ಗುಟ್ಟು ಹೇಳಿದರು. ಪಟ್ಟೆ ಹೊಲದ್ದು ಎಂದು ತಿಳಿದ ದಿನದಿಂದ ಅವನು ಎದ್ದ ಕೂಡಲೇ ಪಟ್ಟೆ ನೋಡುತ್ತಿದ್ದನಂತೆ. ನೆಟ್ಟಗಿದ್ದರೆ ಕಣ್ಣು ನೆಟ್ಟಗಿದೆ ಎಂದರ್ಥ. ನೋಡಿ, "ಇದೆ" ಎಂದು ಹೇಳಿ ಕಾಫಿ ಕೇಳುತ್ತಿದ್ದನಂತೆ. ಈಗ ಕೊಯ್ದ ಹೊಲದಲ್ಲಿ ಎಲ್ಲ ಒಂದೇ ಬಣ್ಣ. ನೋಡಲು ಏನೂ ಇಲ್ಲ, ಕಾಫಿ ಆರಿಹೋಗುತ್ತದೆ.

ಬೇಲಿ ಕಂಬ ನೋಡು ಎಂದೆ. ಕಂಬ ಮೊದಲೇ ಡೊಂಕು, ನೀನು ನೆಟ್ಟಗಿವೆ ಅಂದಿದ್ದೆ ಎಂದ.

ಮೇ ೨೧, ಗುರುವಾರ

ಎರಡನೆಯ ಕೊಯ್ಲಿಗೆ ಗೊಬ್ಬರ ಹಾಕಿದೆ. ಈ ಸಲವೂ ಯೂರಿಯಾ. ಹೋದ ವಾರ ಹಳೆಯ ತಟ್ಟೆ, ಬಾಣಲೆ, ಬೋಗುಣಿಗಳನ್ನೆಲ್ಲ ಹುಲ್ಲಿನ ಮೇಲೆ ಸಾಲಾಗಿಟ್ಟು ಯಂತ್ರ ಓಡಿಸಿ, ಯಾವುದರಲ್ಲಿ ಎಷ್ಟು ಬಿತ್ತು ಎಂದು ನೋಡಿದ್ದೆ. ಅದರ ಮೇಲೆ ಹೊಸ ಅಂತರ ಗೊತ್ತಾಯಿತು. ಅತ್ತಿಗೆಯ ಒಂದು ಬಾಣಲೆ ಚಕ್ರಕ್ಕೆ ಸಿಕ್ಕಿತು, ಅದನ್ನಿನ್ನೂ ಹೇಳಿಲ್ಲ.

ಅಣ್ಣ ಹಳೆಯ ಹಗ್ಗಗಳನ್ನು ತಾನೇ ಬಿಚ್ಚಿದ. ಹೊಸ ಹಗ್ಗ ಕೈಯಲ್ಲಿ ಹಿಡಿದು ಬೇಲಿಯ ಪಕ್ಕ ನಿಂತು, "ಹೇಳು ಪುಟ್ಟಿ, ಎಲ್ಲಿ ಕಟ್ಟಲಿ?" ಎಂದ. ನಾನು ಅಳೆದು ತೋರಿಸುತ್ತ ಹೋದೆ, ಅವನು ಕಟ್ಟುತ್ತ ಬಂದ. ಗಂಟು ಹಾಕುವಾಗ ಕಣ್ಣಿನ ಹತ್ತಿರ ತರುತ್ತಿರಲಿಲ್ಲ.

ಮಧ್ಯಾಹ್ನ ನಮ್ಮ ಹೊಲ ಪೂರ್ತಿ ಮುಗಿಸಿದೆ. ಮನೆಯ ಕಿಟಕಿಗೆ ನೇರ ಎದುರು ಬಂದಾಗ ಮಾತ್ರ ಯಂತ್ರದ ಬಾಯಿ ಮುಚ್ಚಿ ಒಂದು ಸಾಲು ಖಾಲಿ ಓಡಿಸಿದೆ.

ಜೂನ್ ೬, ಶನಿವಾರ

ರೇಡಿಯೋ ಬಂದಿದ್ದ. ಹೊಲವೆಲ್ಲ ಹಾಸಿದ ಹಾಗೆ ಚೆನ್ನಾಗಿ ಬಂದಿದೆ ಅಕ್ಕಾ, ಆದರೆ ಮನೆ ಎದುರಿಗೆ ಒಂದು ಪಟ್ಟೆ ಉಳಿದುಬಿಟ್ಟಿದೆ ನೋಡಿ, ಅಲ್ಲಿ ಗೊಬ್ಬರ ಹಾಕಲು ಮರೆತಿರಾ ಎಂದ. ಬೇಕಂತಲೇ ಬಿಟ್ಟದ್ದು ಎಂದೆ. ಅವನಿಗೆ ಅರ್ಥವಾಗಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ, ಅವನಿಗೂ ಒಂದು ದಿನ ಕೆಲಸವಿರಲಿ.

ಇವತ್ತು ಬೆಳಿಗ್ಗೆ ಹಾಲಿನ ಖಾಲಿ ಕ್ಯಾನು ಹಿಡಿದು ಕಿಟಕಿಯ ಕೆಳಗೆ ಹೋಗುತ್ತಿದ್ದೆ. ಒಳಗೆ ಪರದೆ ಸರಿಯಿತು. ನಾನು ಅಲ್ಲೇ ನಿಂತೆ.

"ಇದೆ" ಎಂದ ಅಣ್ಣ. "ನೆಟ್ಟಗಿದೆ. ಕಾಫಿ ಕೊಡು."

ನಾನು ಹಾಲು ಕರೆಯಲು ಹೋದೆ.